ಜೊತೆಗಾರರ ಚೀಟಿ

"ಈ ಪುಸ್ತಕದ ಬೆನ್ನು ಕಿತ್ತೋಗಿದೆ, ಅಂಟಿಸಿಕೊಡು. ಕೊನೇ ಪುಟದಲ್ಲಿರೋ ನನ್ನ ಹೆಸರು ಮಾತ್ರ ಅಳಿಸ್ಬೇಡ ಮಗಾ," ಎಂದಳು ಮುದುಕಿ ಅರ್ನೆಸ್ಟೀನ್. "ಆ ಜಾಗ ಖಾಲಿ ಇದ್ರೆ ಈ ಚಿತ್ರದವಳು ಸುಮ್ನಿರಲ್ಲ."

ಲೊವೆಲ್ ನಕ್ಕ. ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಕಾಗದದ ಹೆಂಗಸಿಗೆ ಹೆದರುವ ಜಾಯಮಾನ ಅವನದಲ್ಲ. "ಏನ್ಮಾಡ್ತಾಳೆ ಅಜ್ಜಿ? ಬಾಂಬ್ ಹಾಕ್ತಾಳಾ?"

ಅರ್ನೆಸ್ಟೀನ್ ನಗಲಿಲ್ಲ. ದೀಪ ಹಿಡಿದು ಶತ್ರುಗಳ ಹಡಗು ಮುಳುಗಿಸುತ್ತಿದ್ದ ಕಾಮಿಕ್ಸ್ ವೀರೆ ಮಿಸ್ ಲೈಟ್‌ಹೌಸ್‌ಳನ್ನು ಚಿತ್ರಿಸಿದವಳು ಅವಳ ಚಿಕ್ಕಮ್ಮ. ಎರಡನೇ ಮಹಾಯುದ್ಧ ಮುಗಿದದ್ದೇ ತಡ, ಪ್ರಕಾಶಕರು ಆ ವೀರೆಯನ್ನು ಮೂಲೆಗೆಸೆದರು. ಚಿಕ್ಕಮ್ಮ ಕೊನೆಯ ಸಂಚಿಕೆಯ ಈ ಪ್ರತಿಯಲ್ಲಿ ವೀರೆಯ ಮೇಲಂಗಿಗೆ ತನ್ನ ರಕ್ತದಿಂದಲೇ ಬಣ್ಣ ಹಚ್ಚಿ, ಇವಳೆಂದೂ ಒಂಟಿಯಾಗಬಾರದು ಎಂದು ಮಂತ್ರಿಸಿದಳಂತೆ. ಓದುಗರು ಹೆಸರು ತುಂಬಲೆಂದು ಕೊನೆಯ ಪುಟದಲ್ಲಿ ಅಚ್ಚಾಗಿದ್ದ 'ನನ್ನ ಜೊತೆಗಾರರು' ಚೀಟಿಯಲ್ಲಿ ಒಂಬತ್ತು ವರ್ಷದ ಅರ್ನೆಸ್ಟೀನ್ ತನ್ನ ಹೆಸರು ಬರೆದಳು. ಅಂದಿನಿಂದ ಹೆತ್ತ ತಾಯಿಗೂ ಅವಳ ಗುರುತು ಹತ್ತಲಿಲ್ಲ, ಹತ್ತಿರದವರಾರ ನೆನಪಲ್ಲೂ ಅವಳ ಹೆಸರು ನಿಲ್ಲಲಿಲ್ಲ.

ಒಳ್ಳೆ ಅಜ್ಜಿಕತೆ ಎಂದುಕೊಂಡ ಲೊವೆಲ್.

ಅವನು ಟೊಲಿಡೊ ಊರಿಗೆ ಬಂದದ್ದೇ ಮಗಳು ರೆನ್‌ಗಾಗಿ. ವಿಚ್ಛೇದನದ ನಂತರ ಪ್ರತಿ ಶನಿವಾರ ಎರಡು ತಾಸು ಮಾತ್ರ ಅವಳು ಅವನವಳು. ಉಳಿದ ವಾರವೆಲ್ಲ ಅವನಿಗೆ ಗೋಡೆಗಳೇ ಗತಿ.

ಆ ಶನಿವಾರ ಮಧ್ಯಾಹ್ನ ಅವನ ಅಂಗಡಿಯಲ್ಲಿ ರೆನ್ ಮೇಜಿನ ಬಳಿ ಚಿತ್ರ ಗೀಚುತ್ತಿದ್ದಳು. ಲೊವೆಲ್ ಬೆನ್ನು ಅಂಟಿಸಿದ. ಪೆನ್ಸಿಲ್ ಗುರುತು ಕಂಡರೆ ರಬ್ಬರ್ ಹಿಡಿಯುವುದು ಕೈಗೆ ಅಂಟಿದ ಚಾಳಿ. ಉಜ್ಜಿದ. ಅಜ್ಜಿ ಅಳಿಸಬೇಡವೆಂದಿದ್ದ ಹೆಸರು ಹೋಯಿತು. ಅಂಟು ಒಣಗಲೆಂದು ಪುಸ್ತಕ ತೆರೆದಿಟ್ಟು ಕೈ ತೊಳೆಯಲು ಹೋದ.

ಸೀಮೆಎಣ್ಣೆಯ ವಾಸನೆ. ಕೊಳೆತ ಪಾಚಿಯ ವಾಸನೆ. ಹಾಡಹಗಲೇ ಕಿಟಕಿ ಕಪ್ಪಾಯಿತು. ಫೋನು ಬಡಿದುಕೊಂಡಿತು.

"ಇಷ್ಟು ವರ್ಷದಲ್ಲಿ ಮೊದಲ ಸಲ ಪಕ್ಕದ ಮನೆಯವಳು ನನ್ನ ಹೆಸರು ಹಿಡಿದು ಕೂಗಿದ್ಲು ಕಣೋ!" ಅರ್ನೆಸ್ಟೀನ್ ಅಳುತ್ತಿದ್ದಳು. "ಅಳಿಸ್ಬಿಟ್ಯಾ? ಅಯ್ಯೋ ಪಾಪಿ, ಅಲ್ಲಿ ಮಕ್ಕಳು ಯಾರಾದ್ರೂ ಇದಾರಾ?"

ಲೊವೆಲ್ ತಿರುಗಿದ.

"ಅಪ್ಪಾ, ಈ ಆಂಟಿ ನನ್ನ ಹೆಸರು ಕೇಳ್ತಿದಾಳೆ," ಎಂದಳು ಹುಡುಗಿ. ಕೈಯಲ್ಲಿ ಪೆನ್ಸಿಲ್. ಚೀಟಿಯಲ್ಲಿ ಆಗಲೇ ಅರ್ಧ ಹೆಸರು. ಕಡಲನ್ನು ನೋಡುತ್ತಿದ್ದ ಚಿತ್ರದ ಹೆಂಗಸು ಈಗ ಮಗುವನ್ನು ನೋಡುತ್ತಿದ್ದಳು.

ಕೂಗಲು ಬಾಯಿ ತೆರೆದ. ಮಗಳ ಹೆಸರು ಬರಲಿಲ್ಲ. ತಡಕಾಡಿದ. ಇಲ್ಲ. ಮುಖವೂ ಮಸುಕಾಗತೊಡಗಿತು. ಯಾರೀ ಹುಡುಗಿ? ಮೇಜಿನತ್ತ ನೆಗೆದ. ಪುಸ್ತಕ ಕಿತ್ತುಕೊಂಡ. ಉಜ್ಜಿದ. ಕಾಗದ ಹಿಮದಂತೆ ಕೊರೆಯುತ್ತಿತ್ತು. ಆ ಜಾಗದಲ್ಲಿ ತನ್ನ ಹೆಸರನ್ನೇ ಬರೆದ: ಲೊವೆಲ್.

ಬೆಳಕು ಮರಳಿತು. ರೆನ್! ಹೆಸರು ನೆನಪಾಗಿ ಅವನ ಎದೆ ತುಂಬಿ ಬಂತು.

ರೆನ್ ಹಿಂದೆ ಸರಿದಳು. "ಸಾರಿ ಅಂಕಲ್. ನಾನು ಇಲ್ಲಿಗ್ಯಾಕೆ ಬಂದೆ ಅಂತಾನೇ ಗೊತ್ತಾಗ್ತಿಲ್ಲ," ಎಂದು ಬಾಗಿಲು ದಾಟಿ ಹೋದಳು. ತಿರುಗಿ ನೋಡಲಿಲ್ಲ.

ಈಗಲೂ ಶನಿವಾರ ಲೊವೆಲ್ ಎರಡು ಕುರ್ಚಿ ಹಾಕುತ್ತಾನೆ. ಎದುರಿನದು ಸದಾ ಒದ್ದೆ, ಪಾಚಿಯ ವಾಸನೆ. ಮಗಳು ಬೀದಿಯ ಆಚೆ ಬದಿ ನಡೆದು ಹೋಗುವುದು ಕಿಟಕಿಯಿಂದ ಕಾಣುತ್ತದೆ. ಚೀಟಿಯಲ್ಲಿರುವ ತನ್ನ ಹೆಸರು ಅಳಿಸಿದರೆ ಸಾಕು, ಅವಳು ಅಪ್ಪಾ ಎಂದು ಓಡಿ ಬಂದಾಳು. ಆದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಚಿತ್ರದ ಹೆಂಗಸು ಮತ್ತೆ ಮಗುವಿನ ಹೆಸರನ್ನೇ ಕೇಳುತ್ತಾಳೆ. ಅದಕ್ಕೇ ಅವನು ಅಂಗಡಿಯಲ್ಲಿ ಒಂದು ರಬ್ಬರ್ ಕೂಡ ಇಟ್ಟುಕೊಂಡಿಲ್ಲ.