ಗೋಡೆ ತಿಂದ ಅಳತೆ

"ಆ ಗೋಡೆಗೆ ಬೆನ್ನು ಕೊಟ್ಟು ಮಾತ್ರ ನಿಲ್ಲಬೇಡಿ ಮೇಡಂ. ನಿಮ್ಮ ಅಳತೆ ತಗೊಂಡುಬಿಡುತ್ತೆ," ಎಂದ ಗಾರೆ ಮೇಸ್ತ್ರಿ.

"ತಗೊಂಡು ಏನ್ಮಾಡುತ್ತೆ, ರವಿಕೆ ಹೊಲಿದು ಕೊಡುತ್ತಾ?" ಎಂದು ನಕ್ಕಳು ಇಂಜಿನಿಯರಮ್ಮ.

ಬಂದರಿನ ಬೀದಿಯಲ್ಲಿ ಪರದೇಶದ ವ್ಯಾಪಾರಿಗಳು ಕಟ್ಟಿಸಿ ಹೋದವುಗಳಲ್ಲೆಲ್ಲ ಹಳೆಯದು ಈ ಗೋದಾಮು. ಮುನ್ನೂರು ವರ್ಷದಿಂದ ನಿಂತಿದೆ. ಅದರ ದುರಸ್ತಿಗೆಂದೇ ಅವಳು ಬೇರೆ ಊರಿನಿಂದ ಬಂದಿದ್ದಳು. ಒಳಗೆ ಕೊಳೆತ ಸೆಣಬು, ಉಪ್ಪು, ಇಲಿಹಿಕ್ಕೆಗಳ ಘಾಟು. ಹಗಲಲ್ಲೂ ಕಣ್ಣಿಗೆ ಮೆತ್ತಿಕೊಳ್ಳುವ ಕತ್ತಲು. ಹಿಂಗೋಡೆಯಲ್ಲಿ ತೋಳು ತೂರುವಷ್ಟು ಬಿರುಕು. ಫೋಟೋದಲ್ಲಿ ಗೋಡೆಯ ಎತ್ತರ ತಿಳಿಯಬೇಕಾದರೆ ಪಕ್ಕದಲ್ಲಿ ಯಾರಾದರೂ ನಿಲ್ಲಬೇಕು; ಅದು ಅವಳ ಕಸುಬಿನ ರೂಢಿ. ಕೆಲಸದವರು ಒಬ್ಬರೂ ಒಪ್ಪಲಿಲ್ಲ. ಪುಕ್ಕಲರು ಎಂದು ಬೈದು ತಾನೇ ನಿಂತಳು, ನೆತ್ತಿಯ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದಳು. ಬೆನ್ನಿನುದ್ದಕ್ಕೂ ತಣ್ಣನೆಯದೇನೋ ಹರಿಯಿತು. ಥಂಡಿ ಇರಬೇಕು ಎಂದುಕೊಂಡಳು.

ಮರುದಿನ ಮತ್ತೆ ನಿಂತರೆ ಗೆರೆ ನೆತ್ತಿಗಿಂತ ಒಂದು ಬೆರಳು ಮೇಲಿತ್ತು. ಬಿರುಕು ಒಂದು ಬೆರಳು ಕಿರಿದಾಗಿತ್ತು. ಮೂರನೆಯ ದಿನ ಎರಡು ಬೆರಳು. ಐದನೆಯ ದಿನ ಪ್ಯಾಂಟಿನ ಅಂಚು ನೆಲ ಗುಡಿಸುತ್ತಿತ್ತು. ಪಕ್ಕೆಲುಬುಗಳು ಒಂದಕ್ಕೊಂದು ಉಜ್ಜುವ ಸದ್ದು ಅವಳಿಗೇ ಕೇಳಿಸಿತು. ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂತು.

"ಬಿರುಕು ಪೂರ್ತಿ ಮುಚ್ಚೋ ಹೊತ್ತಿಗೆ ನೀವಿರಲ್ಲ," ಮೇಸ್ತ್ರಿ ಪಿಸುಗುಟ್ಟಿದ. "ಕಟ್ಟಿಸಿದ ಸಾಹುಕಾರ ಮಾಟ ಮಾಡಿಸಿ, ಕೂಲಿಯವನೊಬ್ಬನ ಹಿಮ್ಮಡಿಯಿಂದ ನೆತ್ತಿವರೆಗೆ ಅಳತೆ ತೆಗೆದ ದಾರಾನ ಗೋಡೆಲಿ ಹೂತಿದ್ದ. ಬಿರುಕು ಬಿಟ್ಟಾಗೆಲ್ಲ ಇದಕ್ಕೆ ಇನ್ನೊಬ್ಬರದು ಬೇಕು. ಹಾಗೇ ಸತ್ತ ನಮ್ಮಣ್ಣಂದೂ ಒಳಗಿದೆ."

"ಗೊತ್ತಿದ್ದೂ ಸುಮ್ಮನಿದ್ರಾ?"

"ದಾರ ಕಿತ್ತರೆ, ಕಿತ್ತೋರ ಮೇಲೇ ಗೋಡೆ ಬೀಳುತ್ತೆ. ಯಾರಿಗಿದೆ ಅಷ್ಟು ಎದೆ?"

"ನನ್ನ ಪ್ರಾಣ ತಿಂದು ಇದು ನೆಟ್ಟಗೆ ನಿಲ್ಲಬೇಕಾ? ಇದರ ಮನೆ ಹಾಳಾಗ! ಉಳಿ ಕೊಡಿ. ಎಲ್ಲರನ್ನೂ ಆಚೆ ಕಳಿಸಿ."

ಗಾರೆ ಉದುರಿತು. ಹಸಿ ಮಾಂಸದ ನಾತ ಮುಖಕ್ಕೆ ಹೊಡೆಯಿತು. ಕೈ ತೂರಿಸಿದಳು. ದಾರ. ಒಂದಲ್ಲ, ನೂರಾರು. ಬೆಚ್ಚಗಿದ್ದವು. ಮಿಡಿಯುತ್ತಿದ್ದವು. ಬೆಳ್ಳನೆಯ ಹೊಸದೊಂದನ್ನು ಎಳೆದಳು. ಬೆನ್ನುಮೂಳೆಯೇ ಕಿತ್ತು ಬಂದಂಥ ನೋವು. ಗೋಡೆ ನರಳಿತು.

"ನಿಮ್ಮದು ಸಿಕ್ತಲ್ಲ, ಓಡಿ ಬನ್ನಿ!" ಮೇಸ್ತ್ರಿ ಬಾಗಿಲಲ್ಲಿ ಕಿರುಚಿದ.

"ಎಲ್ಲಾರದೂ ಬರಬೇಕು!"

ಮತ್ತೆ ಕೈ ಹಾಕಿದಳು. ಬಿರುಕು ಮಣಿಕಟ್ಟನ್ನು ಕಚ್ಚಿತು. ಬಿಡಲಿಲ್ಲ. ಅವಳೂ ಬಿಡಲಿಲ್ಲ. ಜಗ್ಗಿದಳು. ತೊಲೆ ಮುರಿಯಿತು. ಧೂಳು. ಕತ್ತಲು. ಮೇಸ್ತ್ರಿ ಒಳಗೆ ನುಗ್ಗಿದ. ಸೊಂಟ ಹಿಡಿದು ಎಳೆದ. ಎಲುಬು ಲಟಕ್ಕೆಂದಿತು. ಕೈ ದಾರದ ಕಂತೆಯ ಸಮೇತ ಹೊರಬಂತು. ಓಡಿದರು. ಹಿಂದೆ ಗೋದಾಮು ದಡಾರನೆ ಕುಸಿಯಿತು.

ಅವಳು ಬದುಕಿದಳು. ಬಲಗೈಯ ಎರಡು ಬೆರಳು ಗೋಡೆಗೇ ಹೋದವು, ಕಳೆದ ಎತ್ತರವೂ ಮರಳಲಿಲ್ಲ.

ದುರಸ್ತಿ ಮಾಡಿಸುತ್ತಿದ್ದ ಕಚೇರಿಯ ಅಧಿಕಾರಿ ಓಡಿ ಬಂದ. "ಊರಿಗೇ ಹಳೇ ಕಟ್ಟಡ! ಕೆಡವಿಬಿಟ್ಟಿರಲ್ರೀ!"

"ಹೌದು, ನಾನೇ ಕೆಡವಿದ್ದು. ಬರ್ಕೊಳ್ಳಿ."

ಮೇಸ್ತ್ರಿಗೆ ಇದಾವುದೂ ಕೇಳಿಸುತ್ತಿರಲಿಲ್ಲ. ಅವಳ ಹಿಡಿಯಲ್ಲಿದ್ದ ದಾರಗಳನ್ನು ಬಿಡಿಸಿ, ಒಂದೊಂದನ್ನೇ ತನ್ನ ಹಿಮ್ಮಡಿಯಿಂದ ನೆತ್ತಿಗೆ ಹಿಡಿದು ನೋಡುತ್ತಿದ್ದ. "ನಮ್ಮಣ್ಣ ನನಗಿಂತ ಒಂದು ಗೇಣು ಎತ್ತರ," ಎಂದ. ಅವಳು ಕುಕ್ಕರಗಾಲಲ್ಲಿ ಕೂತು, ರಕ್ತ ಸೋರುವ ಕೈಯಲ್ಲೇ ಒಂದೊಂದರ ತುದಿಯನ್ನೂ ಅವನ ಹಿಮ್ಮಡಿಗೆ ಒತ್ತಿ ಹಿಡಿದಳು. ಹನ್ನೊಂದನೆಯ ದಾರ ಅವನ ತಲೆ ದಾಟಿ ಒಂದು ಗೇಣು ಮೇಲೆ ಹೋಯಿತು. ಮೇಸ್ತ್ರಿ ನಡುಬೀದಿಯಲ್ಲಿ ನಿಂತು ಗಟ್ಟಿಯಾಗಿ ಅತ್ತುಬಿಟ್ಟ.