ಮುಸುಕಿನೊಳಗಿನ ಸಿಟ್ಟು

ಮಾನ್ಯ ವಾಚಕ ಮಹಾಶಯರೇ, ಒಂದು ಜನಾಂಗದ ಮದುವೆಯ ಶಾಸ್ತ್ರವನ್ನು ಊಟಕ್ಕೆ ಮುಂಚಿನ ಮನರಂಜನೆಯಾಗಿ ಬಡಿಸುವ ಮನೆಯನ್ನು ತಾವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಿಕುಯು ಜನರ ಸೀಮೆಯ ನ್ಯಾಂಡರುವ ಎಂಬ ಬೆಟ್ಟದ ಕಾಡಿನಲ್ಲಿ, ಆನೆಗಳು ನೀರಿಗಿಳಿಯುವ ಕೊಳದ ದಡದ ಮರಗಳ ನೆತ್ತಿಯ ಮೇಲೆ ಕಟ್ಟಿದ ವೈಭವದ ವಸತಿಗೃಹವದು. ನಾನು ಅಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದ ಕಾಲದ ಈ ವೃತ್ತಾಂತವನ್ನು ತಮ್ಮ ಸನ್ನಿಧಿಯಲ್ಲಿ ನಿವೇದಿಸುತ್ತಿದ್ದೇನೆ. ಓದಿ ತಮಗೆ ಸಿಟ್ಟು ಬಂದರೆ ನಾನು ಕ್ಷಮೆ ಕೇಳುವುದಿಲ್ಲ.

ಒಂದು ಶನಿವಾರ ಸಂಜೆ ಮುರೀಥಿ ವಮೈಥಾಳ ಎದುರಿಗೆ ಬಂದು ನಿಂತ.

ತಲೆಯಿಂದ ಮೊಣಕಾಲಿನ ಕೆಳಗಿನವರೆಗೆ ಲೇಸೊ ಎಂಬ ಚಿತ್ತಾರದ ಹತ್ತಿ ಬಟ್ಟೆ ಹೊದ್ದಿದ್ದ ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ. ಆದರೂ ಹಸಿಸೊಪ್ಪು, ಸೌದೆಹೊಗೆ ಬೆರೆತ ಆ ವಾಸನೆ ಅವನದೇ.

'ನಾನು ಇಲ್ಲೇ ಇದ್ದೀನಿ... ಸರಿಸು,' ಎಂದು ಅವಳ ಮನಸ್ಸು ಕೂಗಿತು.

ಕಿಕುಯು ಜನರ ಮನೆಗೆ ಹೆಣ್ಣು ಕೇಳಲು ಬಂದ ಗಂಡಿನೆದುರು ಹೀಗೆ ಮುಸುಕಿನ ಹೆಂಗಸರ ಸಾಲು ನಿಲ್ಲುತ್ತದೆ. ಮುಟ್ಟದೆ, ಮಾತಾಡಿಸದೆ ಅವನು ತನ್ನವಳನ್ನು ಗುರುತಿಸಿ ಅವಳ ಮುಸುಕನ್ನಷ್ಟೇ ಸರಿಸಬೇಕು. ತಪ್ಪಿದರೆ ಒಂದು ಮೇಕೆ ದಂಡ, ಬದುಕಿರುವವರೆಗೂ ಗೇಲಿ. ಮ್ಯಾನೇಜರ್ ಗಿಟೌ ಇದನ್ನೇ ಪ್ರತಿ ಶನಿವಾರ ಸಂಜೆ ಅತಿಥಿಗಳಿಗಾಗಿ ಮರದ ಜಗಲಿಯ ಮೇಲೆ ಆಡಿಸುತ್ತಿದ್ದ. ಗಂಡು, ಅತಿಥಿಗಳಿಗೆ ಕಾಡು ತೋರಿಸುವ ಮುರೀಥಿ. ಹೆಣ್ಣು, ಕೋಣೆಗಳ ಹಾಸಿಗೆ ಸರಿಪಡಿಸುವ ವಮೈಥಾ. ಇಬ್ಬರಿಗೂ ಮನಸ್ಸಿದೆಯೆಂದು ಅಡುಗೆಮನೆಯಿಂದ ಗೇಟಿನವರೆಗೆ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಬೇಕಾದವನು ಮಾತ್ರ ಹೇಳಿರಲಿಲ್ಲ.

ಅವನ ಹೆಜ್ಜೆ ಮುಂದೆ ಸಾಗಿತು.

ಪಕ್ಕದಲ್ಲಿ ಬಟ್ಟೆ ಸರಿದ ಸದ್ದು, ಹಿಂದೆಯೇ ಚಪ್ಪಾಳೆ, ನಗು. ಅವನು ಆರಿಸಿದ್ದು ಅಡುಗೆಯ ಮುದುಕಿ, ಎಲ್ಲರೂ ಅತ್ತೆ ಎನ್ನುವ ಮುಥೋನಿಯನ್ನು. ಅದು ಮೂರನೆಯ ಶನಿವಾರ. ಮೂರೂ ಸಲ ಅತ್ತೆಯೇ.

"ಅತ್ತೇ, ನಿಮ್ಮ ಯಜಮಾನ್ರು ಚಹಾ ಕೇಳ್ತಿದ್ದಾರೆ," ಎಂದು ಬಡಿಸುವವನೊಬ್ಬ ಕಿಚಾಯಿಸಿದ.

"ಮೊದಲು ಬಂದು ನನ್ನ ಮೊಮ್ಮಕ್ಕಳ ಒಪ್ಪಿಗೆ ಕೇಳೋಕೆ ಹೇಳು," ಎಂದ ಅತ್ತೆ, ವಮೈಥಾಳ ಮುಖ ನೋಡಿ ಅಡುಗೆಮನೆಯ ಕಡೆ ನಡೆದಳು.

ಸುದ್ದಿ ಆಗಲೇ ಊರು ಮುಟ್ಟಿತ್ತು; ಅದೇ ರಾತ್ರಿ ಕರಾಟಿನಾದಿಂದ ವಮೈಥಾಳ ತಾಯಿಯ ಫೋನು ಬಂತು.

"ಸಂತೇಲಿ ಎಲ್ಲರೂ ಅದನ್ನೇ ಕೇಳ್ತಿದ್ದಾರೆ ಕಣೇ. ಮೂರು ಸಲ ದಾಟಿ ಹೋದ ಅಂದ್ರೆ ಮನಸ್ಸಿಲ್ಲ ಅಂತ ತಾನೇ? ಆ ಮರದ ಮಿಲ್ಲಿನವರ ಕಡೆಯಿಂದ ನಿನ್ನನ್ನ ಕೇಳಿದ್ದಾರೆ. ನಾಳೆ ಬಿಟ್ಟು ಮುಂದಿನ ಭಾನುವಾರ ಹೂಂ ಅಂದುಬಿಡ್ತೀನಿ."

ಎಲೆಯ ಮೇಲಿನ ಅರ್ಧ ಹೆಜ್ಜೆ ಕಂಡರೆ ಇದು ಯಾವ ಚಿರತೆ ಎಂದು ಹೇಳಬಲ್ಲವನಿಗೆ ಎದುರಿಗೆ ನಿಂತವಳ ಗುರುತು ಸಿಗಲಿಲ್ಲವೇ? ಅವಮಾನ ಅವಳ ಎದೆಯಲ್ಲಿ ಕೆಂಡವಾಯಿತು.

ಮರುದಿನ ಬೆಳಿಗ್ಗೆ, ಆನೆ ಮುರಿದ ಕೊಂಬೆಯನ್ನು ತೂಗುಸೇತುವೆಯಿಂದ ಎಳೆದು ಹಾಕುತ್ತಿದ್ದವನಿಗೆ ಅವಳು ಅಡ್ಡ ನಿಂತಳು.

"ನಿನಗೆ ಕಣ್ಣು ಕುರುಡೋ, ಮನಸ್ಸು ಕುರುಡೋ?"

"ಎರಡೂ ಅಲ್ಲ." ಅವನು ಅವಳ ಪಾದ ನೋಡಿದ. "ಸಿಟ್ಟು ಬಂದಾಗ ನಿನ್ನ ಎಡಗಾಲಿನ ಹೆಬ್ಬೆರಳು ನೆಲ ಕೆರೆಯುತ್ತೆ. ಈಗಲೂ ಕೆರೀತಿದೆ. ನಿನ್ನೆ ಸಾಲಿನ ಆಚೆ ತುದಿಯಿಂದಲೇ ಗೊತ್ತಾಗಿತ್ತು."

"ಮತ್ತೆ ಯಾಕೆ ದಾಟಿ ಹೋದೆ?"

"ನಿನ್ನ ಮುಸುಕು ತೆಗೆಯೋದು ಒಂದೇ ಸಲ. ನಿಮ್ಮಮ್ಮನ ಅಂಗಳದಲ್ಲಿ. ಸೂಪು ಕುಡಿಯೋರ ಎದುರಿಗೆ ತೆಗೀಲಾ?"

ಆದರೆ, ವಾಚಕರೇ, ಅವಳ ಸಿಟ್ಟು ಇಳಿಯಲಿಲ್ಲ. ಯಾಕೆ ಇಳಿಯಬೇಕು?

"ಬಹಳ ದೊಡ್ಡ ಮನುಷ್ಯ ನೀನು! ಶಾಸ್ತ್ರದ ಮಾನ ಉಳಿಸಿದೆ, ನಿನ್ನ ಮಾನ ಉಳಿಸಿಕೊಂಡೆ. ನನ್ನದು? ಊರೆಲ್ಲ ನಕ್ಕಿದ್ದು ನನ್ನ ನೋಡಿ. ಒಂದು ಮಾತು ನನಗೆ ಹೇಳೋಕಾಗಲಿಲ್ವಾ?"

ಮುರೀಥಿ ಕೊಂಬೆಯನ್ನು ಕೆಳಗಿಟ್ಟ.

"ಹೇಳಿದ್ರೆ... ನೀನು ಬೇಡ ಅಂದುಬಿಟ್ರೆ ಅಂತ ಹೆದರಿದ್ದೆ."

"ಹಂಗಾದ್ರೆ ಹೆದರುತ್ತಲೇ ಇರು. ಮುಂದಿನ ಭಾನುವಾರ ಅಮ್ಮ ಬೇರೆ ಕಡೆ ಮಾತು ಕೊಡ್ತಾಳೆ."

ಮುಂದಿನ ಶನಿವಾರ ಮತ್ತೆ ಸಾಲು ನಿಂತಿತು.

"ಈ ಸಲ ಸರಿಯಾಗಿ ಆರಿಸದಿದ್ರೆ ನಾಳೆಯಿಂದ ಬರಬೇಡ," ಎಂದು ಗಿಟೌ ಮುರೀಥಿಯ ಕಿವಿಯಲ್ಲಿ ಹೇಳಿದ.

"ನಾನು ಯಾರನ್ನೂ ಆರಿಸಲ್ಲ ಸರ್," ಎಂದು ಅವನು ಎಲ್ಲರಿಗೂ ಕೇಳುವಂತೆ ಅಂದ. "ನನ್ನವಳು ಯಾರು ಅಂತ ಗೊತ್ತು. ನಾಳೆ ಹಿರಿಯರನ್ನ ಕರಕೊಂಡು ಅವರಮ್ಮನ ಹತ್ತಿರ ಹೋಗ್ತೀನಿ. ಅವಳು ಹೋಗು ಅಂದ್ರೆ ಮಾತ್ರ."

ವಮೈಥಾ ತನ್ನ ಮುಸುಕನ್ನು ತಾನೇ ಕಿತ್ತೆಸೆದಳು.

"ಹೋಗು," ಎಂದಳು. ಆಮೇಲೆ ಅತಿಥಿಗಳ ಕಡೆ ತಿರುಗಿದಳು. "ಇದು ಆಟ ಅಲ್ಲ, ನಮ್ಮ ಮನೆಯ ಶಾಸ್ತ್ರ. ನೀವು ಬಂದಿರೋದು ಆನೆ ನೋಡೋಕೆ. ಅಗೋ, ಕೆಳಗೆ ನಿಂತಿದೆ. ನೋಡಿ."

ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಮುಸುಕು ತೆಗೆದರು.

"ನಿಮಗೆಲ್ಲ ಕೆಲಸ ಬೇಡ್ವಾ?" ಗಿಟೌ ಗುಡುಗಿದ.

"ನಿಮಗೆ ಊಟ ಬೇಡ್ವಾ?" ಎಂದಳು ಮುಥೋನಿ ಅತ್ತೆ. ಅಲ್ಲಿಗೆ ಆ ಆಟ ಮುಗಿಯಿತು.

ಮಳೆಗಾಲ ಕಳೆದ ಮೇಲೆ, ಕರಾಟಿನಾದ ಅಂಗಳದಲ್ಲಿ ನಿಜವಾದ ಸಾಲು ನಿಂತಿತು. ಸೋದರತ್ತೆಯರು ಭಾರಿ ಜಾಣೆಯರು. ಎಲ್ಲರ ಕಾಲಿಗೂ ಒಂದೇ ಬಗೆಯ ಗಂಬೂಟು ತೊಡಿಸಿದ್ದರು. ಹೆಬ್ಬೆರಳನ್ನೇ ನಂಬಿ ಬಂದಿದ್ದ ಮುರೀಥಿ ಸಾಲಿನ ಮುಂದೆ ಅತ್ತಿಂದಿತ್ತ ನಡೆದ. ಬೆವರಿದ. ನಿಂತ.

ಬಟ್ಟೆಯೊಂದರ ಒಳಗಿಂದ ಪಿಸುಮಾತು ಕೇಳಿಸಿತು.

"ಈ ಸಲವೂ ಅತ್ತೆಯನ್ನ ಹಿಡಿದ್ರೆ, ಅತ್ತೆಯನ್ನೇ ಕಟ್ಟಿಕೊಂಡು ಹೋಗು."

ಅವನು ಮುಸುಕು ಸರಿಸಿದ. ವಮೈಥಾಳ ಕಣ್ಣು ತುಂಬಿದ್ದರೂ ಹುಬ್ಬು ಗಂಟಿಕ್ಕಿಯೇ ಇತ್ತು.

"ಇಷ್ಟು ಹೊತ್ತು ಬೇಕಾಯ್ತಾ?"

"ಬೂಟಿನೊಳಗೆ ಬೆರಳು ಕಾಣಲಿಲ್ಲ."

"ಮತ್ತೆ ಹೆಂಗೆ ಗೊತ್ತಾಯ್ತು?"

"ನನ್ನ ಮೇಲೆ ಇಷ್ಟು ಸಿಟ್ಟು ಮಾಡಿಕೊಳ್ಳೋ ಹಕ್ಕು ಇನ್ಯಾರಿಗಿದೆ?"

ಅವಳು ನಕ್ಕಳು. ಹೆಣ್ಣು ಮಾತಾಡಿದ್ದು ಮೋಸವೆಂದು ಸೋದರತ್ತೆಯರು ಮೇಕೆಯನ್ನು ಬಿಡದೆ ವಸೂಲು ಮಾಡಿದರು.

ಆ ಮೇಕೆಯ ಸಾರು ನನ್ನ ಪಾಲಿಗೂ ಬಂತು. ಕುಡಿದು ಬಟ್ಟಲು ತೊಳೆದಿಟ್ಟು, ಕಂಬಳಿ ಸುತ್ತಿ, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿದೆ. ರಸ್ತೆಯಲ್ಲಿ ನನ್ಯೂಕಿ ಊರಿಗೆ ಹೋಗುವ ಮಟಾಟು ವ್ಯಾನು ಹಾರ್ನ್ ಹೊಡೆಯುತ್ತಿದೆ. ಅದು ಯಾರಿಗೂ ಕಾಯುವುದಿಲ್ಲ, ನಾನು ಹೊರಟೆ.