ಒಂಟಿಯ ಗುಡಿಸಲಿನ ಇನ್ನೊಬ್ಬಳು

ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾಲಡಿಯ ಮಂಜುಗಡ್ಡೆ ಬಿರಿದು ಜೋನಸ್ ಎದೆಮಟ್ಟದ ನೀರಿಗೆ ಕುಸಿದಾಗ ಡೆಲಿಯಾ ಕ್ಯಾಮೆರಾದ ಹಿಂದೆ ಇದ್ದಳು. ಅವಳು ಎಂದೂ ಹಿಂದೆಯೇ ಇರಬೇಕಾದವಳು!

ಅಮೆರಿಕದ ಕಾನ್‌ಕಾರ್ಡ್ ಊರಾಚೆಯ ಆ ಕೆರೆ, ದಡದ ಮರದ ಗುಡಿಸಲು, ಅದರಲ್ಲಿ ಒಬ್ಬನೇ ಬಾಳುವ ಜೋನಸ್... ಲಕ್ಷಾಂತರ ಜನ ಫೋನಿನಲ್ಲಿ ನೋಡುತ್ತಿದ್ದುದು ಇದನ್ನೇ. ಕಾಡೇ ಗುರು, ಒಳದನಿಯೇ ದೇವರು, ತನ್ನನ್ನು ನಂಬಿದವನಿಗೆ ಇನ್ನೊಬ್ಬರು ಬೇಕಿಲ್ಲ ಎನ್ನುತ್ತಿದ್ದ ಅವನು. ಆ ಸೀಮೆಯ ಹಿರಿಯರು ಎಂದೋ ಹೇಳಿದ ಮಾತು. ಈಗಿನವರು ಅದನ್ನು ಕಾಫಿ ಲೋಟದ ಮೇಲೂ ಅಚ್ಚು ಹಾಕಿಸಿಕೊಂಡಿದ್ದಾರೆ.

ಅವನ ಒಂಟಿತನಕ್ಕೆ ಭಂಗ ಬಾರದಿರಲೆಂದು, ಚಿತ್ರೀಕರಣಕ್ಕೆ ಮುಂಚೆ ಡೆಲಿಯಾ ಹಿಮದ ಮೇಲಿನ ತನ್ನ ಹೆಜ್ಜೆಗಳನ್ನು ಪೈನ್ ರೆಂಬೆಯಿಂದ ಗುಡಿಸಿ ಅಳಿಸುತ್ತಿದ್ದಳು. ಅವನನ್ನು ಪ್ರೀತಿಸುತ್ತಿದ್ದುದನ್ನೂ ಗುಟ್ಟಾಗಿಯೇ ಇಟ್ಟಿದ್ದಳು.

ಇವತ್ತು ನೇರಪ್ರಸಾರ. ಆದರೂ ಅವಳು ಹಿಂದೆಮುಂದೆ ನೋಡಲಿಲ್ಲ. ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ಕ್ಯಾಮೆರಾದ ಇನ್ನೊಂದು ಸ್ಟ್ಯಾಂಡ್ ಚಾಚಿ ಅವನನ್ನು ಎಳೆದಳು.

ದಡ ಸೇರಿದ ಜೋನಸ್ ನಡುಗುತ್ತಲೇ ಗದರಿದ. "ಯಾಕೆ ಬಂದೆ ನೀನು? ಯಾರು ಬಾ ಅಂದ್ರು?"

ಜೀವ ಉಳಿಸಿದ್ದಕ್ಕೆ ಇದೇನಾ ಬಹುಮಾನ... ನನಗಿಂತ ಕಾರ್ಯಕ್ರಮವೇ ಹೆಚ್ಚಾಯಿತೇ ಇವನಿಗೆ? ಅವಳ ಕಣ್ಣು ತುಂಬಿತು.

ಮಧ್ಯಾಹ್ನದ ಹೊತ್ತಿಗೆ ನೋಡುಗರು ಕೆಂಡಾಮಂಡಲವಾಗಿದ್ದರು. ಇಷ್ಟು ದಿನ ನಮ್ಮ ಕಿವಿಗೆ ಹೂವಿಟ್ಟನೆಂದು ಬೈದರು. ಬಂದವಳು ಯಾರೋ ದಾರಿಹೋಕಳು ಎಂದುಬಿಡು, ಇಲ್ಲದಿದ್ದರೆ ಕಾರ್ಯಕ್ರಮವೇ ನಿಲ್ಲುತ್ತದೆ ಎಂದು ಪ್ರಾಯೋಜಕರು ಫೋನ್ ಮಾಡಿ ಒತ್ತಾಯಿಸಿದರು. ಅವನು ಹೂಂ ಎಂದದ್ದು ಡೆಲಿಯಾಳಿಗೂ ಕೇಳಿಸಿತು.

ಆ ಸುಳ್ಳನ್ನು ನೇರಪ್ರಸಾರ ಮಾಡಬೇಕಾದವಳೂ ಅವಳೇ. ಇದೊಂದು ಮುಗಿಸಿ ಬಾಸ್ಟನ್ ರೈಲು ಹಿಡಿಯುತ್ತೇನೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡು ಕ್ಯಾಮೆರಾ ಚಾಲೂ ಮಾಡಿದಳು.

ಒಲೆಯ ಪಕ್ಕ ಕಂಬಳಿ ಹೊದ್ದು ಕೂತ ಜೋನಸ್ ಬಾಯಿ ತೆರೆದ. "ಬೆಳಿಗ್ಗೆ ಬಂದೋಳು ಯಾರೋ..."

ಅಲ್ಲಿಗೇ ತಡೆದ. ಕ್ಯಾಮೆರಾದ ಹಿಂದಿದ್ದವಳ ಮುಖ ನೋಡಿದ.

"ಅವಳ ಹೆಸರು ಡೆಲಿಯಾ. ನಾನು ಒಂಟಿ ಅಂತ ನಿಮಗೆ ಹೇಳಿದಾಗೆಲ್ಲ, ಎದುರಿಗೆ ನಿಂತು ಕೇಳಿಸ್ಕೊಂಡೋಳು ಅವಳೇ. ನಾಚಿಕೆ ಆಗುತ್ತೆ ನಂಗೆ."

ಅವಳ ಕೈ ಕ್ಯಾಮೆರಾದ ಗುಂಡಿಯತ್ತ ಹೋಯಿತು.

"ಆರಿಸಬೇಡ. ಬೆಳಿಗ್ಗೆ ಗದರಿದ್ದು ಕೋಪದಿಂದಲ್ಲ ಕಣೇ. ಆ ಗಡ್ಡೆ ನಿನ್ನ ಕೆಳಗೂ ಬಿರಿದಿದ್ರೆ... ನಾನು ಬದುಕಿ ಏನು ಮಾಡ್ಲಿ?"

ಆ ಕಾರ್ಯಕ್ರಮದಲ್ಲಿ ಡೆಲಿಯಾಳ ದನಿ ಕೇಳಿಸಿದ್ದು ಅದೇ ಮೊದಲು. "ಅವರಿಗೆ ಹೂಂ ಅಂದಿದ್ಯಲ್ಲ?"

"ಅಂದೆ. ನಿನ್ನ ಮುಖ ನೋಡ್ತಾ ಹೇಳೋಕೆ ಆಗಲಿಲ್ಲ."

"ನಾಳೆಯಿಂದ ಯಾರೂ ನಿನ್ನ ನೋಡಲ್ಲ, ಗೊತ್ತಾ?"

"ನೀನು ನೋಡ್ತೀಯಲ್ಲ?"

ಅವಳು ಕ್ಯಾಮೆರಾವನ್ನು ಹಾಗೆಯೇ ಬಿಟ್ಟು ಮುಂದೆ ಬಂದಳು.

"ಸರ್ಕೋ ಆಚೆ," ಎಂದಳು. "ಕಂಬಳಿ ನಂಗೂ ಬೇಕು."